ಹೆಸರು ಕಟ್ಟಿದ ಆವರಣಗಳು: ಕರ್ನಾಟಕದ ಕ್ಯಾಥೋಲಿಕ್ ವಿಶ್ವವಿದ್ಯಾಲಯಗಳು

ಕ್ಯಾಥೋಲಿಕ್ ಧರ್ಮಸಭೆಯ ಒಂದು ಸಂನ್ಯಾಸಿ ಸಂಘವೋ ಧರ್ಮಪ್ರಾಂತ್ಯವೋ ಸ್ಥಾಪಿಸಿ ನಡೆಸುವ ಉನ್ನತ ವಿದ್ಯಾಸಂಸ್ಥೆಯನ್ನು ಕ್ಯಾಥೋಲಿಕ್ ವಿಶ್ವವಿದ್ಯಾಲಯ ಎನ್ನುತ್ತಾರೆ. ಕರ್ನಾಟಕದಲ್ಲಿ ಈ ಬಗೆಯವುಗಳಲ್ಲಿ ಹೆಚ್ಚು ಹೆಸರಾದವು ಮೂರು: ಮಂಗಳೂರಿನ ಸಂತ ಅಲೋಶಿಯಸ್, ಬೆಂಗಳೂರಿನ ಸೇಂಟ್ ಜೋಸೆಫ್ಸ್ ಮತ್ತು ಬೆಂಗಳೂರಿನ ಕ್ರೈಸ್ಟ್. ಕಾಲೇಜುಗಳಾಗಿ ಇವು ಕ್ರಮವಾಗಿ 1880, 1882 ಮತ್ತು 1969ರಲ್ಲಿ ಹುಟ್ಟಿದವು. ವಿಶ್ವವಿದ್ಯಾಲಯದ ಪಟ್ಟ ಬಂದದ್ದು ಬಹಳ ತಡವಾಗಿ. ಕ್ರೈಸ್ಟ್‌ಗೆ 2008ರಲ್ಲಿ ಡೀಮ್ಡ್, ಅಂದರೆ ವಿಶ್ವವಿದ್ಯಾಲಯಕ್ಕೆ ಸಮಾನವೆಂಬ, ಮಾನ್ಯತೆ ಸಿಕ್ಕಿತು, ಸೇಂಟ್ ಜೋಸೆಫ್ಸ್ ವಿಶ್ವವಿದ್ಯಾಲಯ 2022ರಲ್ಲಿ ಉದ್ಘಾಟನೆಯಾಯಿತು, ಅಲೋಶಿಯಸ್ 2024ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು. ಅಂದರೆ ಇವುಗಳ ಹೆಸರು ಪಟ್ಟಕ್ಕಿಂತ ಬಹಳ ಹಳೆಯದು. ಆ ಹೆಸರು ಹೇಗೆ ಬಂತು, ಅದರಲ್ಲಿ ಎಷ್ಟು ಗಟ್ಟಿ, ಎಷ್ಟು ಜೊಳ್ಳು ಎಂದು ತೂಗಬೇಕಾದರೆ ವಿಶ್ವವಿದ್ಯಾಲಯದ ಚರಿತ್ರೆಗಿಂತ ಮೊದಲು ಕಾಲೇಜಿನ ಚರಿತ್ರೆಯನ್ನು ನೋಡಬೇಕು.

ಹಾಗೆ ತೂಗಲು ಒಂದು ಅಳತೆಗೋಲನ್ನು ಬೀದರಿನಲ್ಲಿ ಹುಡುಕೋಣ. ಬೀದರ್ ಜಿಲ್ಲೆಯಲ್ಲಿ ಕ್ಯಾಥೋಲಿಕ್ ವಿಶ್ವವಿದ್ಯಾಲಯ ಇಲ್ಲ. ಬಗದಲ್, ಭಾಲ್ಕಿ, ಔರಾದ್ ಕಡೆಯ ವಿದ್ಯಾರ್ಥಿ ಅಂಥ ಕಡೆ ಓದಬೇಕೆಂದರೆ ರಾಜ್ಯದ ಉತ್ತರದ ತುದಿಯಿಂದ ಬೆಂಗಳೂರಿಗೋ ಕಡಲತೀರಕ್ಕೋ ಇಳಿಯಬೇಕು. ಹಾಗೆಂದು ಧರ್ಮದ ಆಶ್ರಯದಲ್ಲಿ ಬೆಳೆಯುವ ವಿದ್ಯಾಲಯ ಈ ನೆಲಕ್ಕೆ ಹೊಸದಲ್ಲ. ಹೊರಗಿನವರು ಹೆಸರು ಕೇಳಿ ಹುಡುಕಿಕೊಂಡು ಬರುತ್ತಿದ್ದ ಒಂದು ವಿದ್ಯಾಪೀಠ ಐದೂವರೆ ಶತಮಾನದ ಹಿಂದೆ ಬೀದರ್ ಪಟ್ಟಣದಲ್ಲೇ ಇತ್ತು.

ಬೀದರಿನ ಹಳೆಯ ಅಳತೆಗೋಲು

ಪರ್ಷಿಯಾದ ಗೀಲಾನಿನಿಂದ ವ್ಯಾಪಾರಿಯಾಗಿ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ ಮಹಮೂದ್ ಗವಾನ್ 1472ರಲ್ಲಿ ಬೀದರಿನಲ್ಲಿ ಮದ್ರಸಾ ಕಟ್ಟಿಸಿದ. ಮೂರು ಅಂತಸ್ತಿನ ಕಟ್ಟಡ, ಮುಂಭಾಗಕ್ಕೆಲ್ಲ ಬಣ್ಣದ ಹೆಂಚುಗಳ ಹೊದಿಕೆ, ಎತ್ತರದ ಮಿನಾರುಗಳು, ಒಳಗೆ ಪ್ರಾರ್ಥನಾಸ್ಥಳ, ಪಾಠದ ಕೋಣೆಗಳು, ಗುರುಗಳಿಗೂ ಶಿಷ್ಯರಿಗೂ ವಾಸದ ಕೋಣೆಗಳು, ಸುಮಾರು 3,000 ಹಸ್ತಪ್ರತಿಗಳಿದ್ದವೆಂದು ಹೇಳಲಾಗುವ ಗ್ರಂಥಾಲಯ. ಧರ್ಮಶಾಸ್ತ್ರದ ಜೊತೆಗೆ ಗಣಿತ, ಖಗೋಳ, ತತ್ವಶಾಸ್ತ್ರದಂಥ ವಿಷಯಗಳ ಪಾಠವೂ ಅಲ್ಲಿ ನಡೆಯುತ್ತಿತ್ತು. ದೂರದ ಇಸ್ಲಾಮಿ ನಾಡುಗಳ ವಿದ್ವಾಂಸರನ್ನು ಗವಾನ್ ಬರಮಾಡಿಕೊಳ್ಳುತ್ತಿದ್ದ.

1481ರಲ್ಲಿ ದರಬಾರಿನ ಒಳಸಂಚಿಗೆ ಬಲಿಯಾಗಿ ಗವಾನ್ ಮರಣದಂಡನೆಗೆ ಒಳಗಾದ. ಮೊಗಲರ ಕಾಲದಲ್ಲಿ, 1696ರಲ್ಲಿ, ಕಟ್ಟಡದಲ್ಲಿದ್ದ ಮದ್ದುಗುಂಡು ಸಿಡಿದು ಮುಂಭಾಗದ ಒಂದು ಪಾಲು ಮತ್ತು ಒಂದು ಮಿನಾರು ಕುಸಿದವು. ಕಲಿಸುವವರೂ ಕಲಿಯುವವರೂ ಮರೆಯಾದ ಮೇಲೂ ಬೀದರಿನ ಜನ ಅದನ್ನು ಕರೆಯುವುದು ಮದ್ರಸಾ ಎಂದೇ. ಒಂದು ವಿದ್ಯಾಲಯದ ಹೆಸರನ್ನು ಕಟ್ಟುವ ಮೂರು ಸಂಗತಿಗಳು ಈ ಕಟ್ಟಡದಲ್ಲಿ ಎದ್ದು ಕಾಣುತ್ತವೆ: ಅಲ್ಲಿಗೆ ಬಂದು ಕಲಿಸುವ ಗುರುಗಳು, ಗುರುಶಿಷ್ಯರು ಒಂದೇ ಆವರಣದಲ್ಲಿ ಬಾಳುವ ಕ್ರಮ, ನಡೆಸುವವರ ಧರ್ಮದ ಆಚೆಗೂ ಚಾಚಿದ ಪಾಠದ ಹರಹು. ಕರ್ನಾಟಕದ ಕ್ಯಾಥೋಲಿಕ್ ವಿಶ್ವವಿದ್ಯಾಲಯಗಳನ್ನೂ ಇದೇ ಮೂರರಿಂದ ಅಳೆಯಬಹುದು. ಆಧುನಿಕ ಕಾಲ ಅದಕ್ಕೆ ನಾಲ್ಕನೆಯದೊಂದನ್ನು ಸೇರಿಸಿದೆ: ಬಾಗಿಲು ಯಾರಿಗೆ ತೆರೆದಿದೆ ಎಂಬುದು.

ಯೇಸುಸಭೆಯ ಪಾಠಕ್ರಮ

ಕ್ಯಾಥೋಲಿಕ್ ಕಾಲೇಜುಗಳ ಆವರಣದ ಶಿಸ್ತಿನ ಬೇರು ಹದಿನಾರನೆಯ ಶತಮಾನದ ಯುರೋಪಿನಲ್ಲಿದೆ. ಲೊಯೊಲಾದ ಸಂತ ಇಗ್ನೇಷಿಯಸ್ ಸ್ಥಾಪಿಸಿದ ಯೇಸುಸಭೆಗೆ, ಅಂದರೆ ಜೆಸ್ವಿಟರ ಸಂಘಕ್ಕೆ, 1540ರಲ್ಲಿ ಪೋಪರ ಮನ್ನಣೆ ದೊರೆಯಿತು. ಎಂಟು ವರ್ಷಗಳಲ್ಲಿ, 1548ರಲ್ಲಿ, ಸಿಸಿಲಿಯ ಮೆಸ್ಸಿನಾದಲ್ಲಿ ಹೊರಗಿನ ಮಕ್ಕಳಿಗಾಗಿ ಅವರು ಕಾಲೇಜು ತೆರೆದರು. ಭಾರತದಲ್ಲಿ ಗೋವೆಯ ಸೇಂಟ್ ಪಾಲ್ಸ್ ಕಾಲೇಜು ಅವರ ಕೈಗೆ ಬಂತು. 1556ರಲ್ಲಿ ದೇಶದ ಮೊದಲ ಅಚ್ಚುಯಂತ್ರ ಕೆಲಸ ಆರಂಭಿಸಿದ್ದು ಆ ಕಾಲೇಜಿನಲ್ಲೇ.

1599ರಲ್ಲಿ ಯೇಸುಸಭೆ ತನ್ನ ಶಾಲೆಗಳಿಗೆಲ್ಲ ಅನ್ವಯಿಸುವ 'ರಾತ್ಸಿಯೊ ಸ್ತುದಿಯೊರುಮ್' ಎಂಬ ಪಾಠಕ್ರಮದ ಸಂಹಿತೆಯನ್ನು ಹೊರಡಿಸಿತು. ತರಗತಿಗಳನ್ನು ಮೆಟ್ಟಿಲುಮೆಟ್ಟಿಲಾಗಿ ಜೋಡಿಸುವುದು, ನಿನ್ನೆಯ ಪಾಠವನ್ನು ಇಂದು ಮತ್ತೆ ಒಪ್ಪಿಸುವುದು, ವಾದವಿವಾದ, ಬಹುಮಾನ, ನಾಟಕ, ಪ್ರತಿ ವಿದ್ಯಾರ್ಥಿಯ ಮೇಲೂ ಗುರುವಿನ ಕಣ್ಣು ಎಲ್ಲವೂ ಅದರಲ್ಲಿದ್ದವು. ಇಂದಿನ ಕಾಲೇಜುಗಳಲ್ಲಿ ಸಹಜವೆಂಬಂತೆ ಕಾಣುವ ಚರ್ಚಾಸ್ಪರ್ಧೆ, ವಾರ್ಷಿಕೋತ್ಸವ, ಬಹುಮಾನ ವಿತರಣೆಗಳಿಗೆ ಆ ಸಂಹಿತೆಯೂ ಒಂದು ಮೂಲ. 1773ರಲ್ಲಿ ಪೋಪರು ಯೇಸುಸಭೆಯನ್ನು ವಿಸರ್ಜಿಸಿದರು, 1814ರಲ್ಲಿ ಮತ್ತೆ ಜೀವ ಕೊಟ್ಟರು. ಹೀಗೆ ಎರಡನೆಯ ಹುಟ್ಟು ಪಡೆದ ಸಭೆಯೇ ಮುಂದೆ ಕರಾವಳಿಗೆ ಬಂದದ್ದು.

ಬಾವುಟಗುಡ್ಡೆಯ ಕಾಲೇಜು

ಹತ್ತೊಂಬತ್ತನೆಯ ಶತಮಾನದ ಮಂಗಳೂರಿನ ಕೊಂಕಣಿ ಕ್ಯಾಥೋಲಿಕರು ದೊಡ್ಡ ಆಘಾತವೊಂದರಿಂದ ಚೇತರಿಸಿಕೊಳ್ಳುತ್ತಿದ್ದರು. 1784ರಲ್ಲಿ ಟಿಪ್ಪು ಸುಲ್ತಾನ್ ಅವರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದ. 1799ರ ನಂತರ ಬದುಕುಳಿದವರು ಮರಳಿ ಬಂದು ಹೊಲ, ಮನೆ, ಇಗರ್ಜಿಗಳನ್ನು ಮತ್ತೆ ಕಟ್ಟಿಕೊಂಡರು. ಮದ್ರಾಸ್ ಪ್ರಾಂತದ ಆಡಳಿತದಲ್ಲಿ ಕಚೇರಿ ಕೆಲಸಕ್ಕೆ ಇಂಗ್ಲಿಷ್ ವಿದ್ಯೆ ಬೇಕಾಯಿತು. 1834ರಲ್ಲಿ ಬಂದ ಪ್ರೊಟೆಸ್ಟಂಟ್ ಬಾಸೆಲ್ ಮಿಷನ್ ಆಗಲೇ ಶಾಲೆ, ಅಚ್ಚುಕೂಟ, ಹೆಂಚಿನ ಕಾರ್ಖಾನೆಗಳಿಂದ ಊರಿನಲ್ಲಿ ಬೇರೂರಿತ್ತು. ತಮ್ಮ ಮಕ್ಕಳಿಗೆ ತಮ್ಮದೇ ಕಾಲೇಜು ಬೇಕು, ಅದನ್ನು ಯೇಸುಸಭೆಯವರು ನಡೆಸಬೇಕು ಎಂದು ಮಂಗಳೂರಿನ ಕ್ಯಾಥೋಲಿಕ್ ಹಿರಿಯರು ರೋಮಿಗೆ ಮನವಿ ಕಳಿಸಿದರು. ಉತ್ತರಕ್ಕೆ ಬಹಳ ವರ್ಷ ಕಾಯಬೇಕಾಯಿತು. ಕೊನೆಗೆ 1878ರಲ್ಲಿ ಹದಿಮೂರನೆಯ ಲಿಯೋ ಪೋಪರು ಮಂಗಳೂರು ಮಿಷನ್ನನ್ನು ಯೇಸುಸಭೆಗೆ ಒಪ್ಪಿಸಿದರು. ಅದೇ ವರ್ಷದ ಡಿಸೆಂಬರ್ 31ರಂದು ಪಾದ್ರಿಗಳ ಮೊದಲ ತಂಡ ಮಂಗಳೂರಿಗೆ ಬಂದಿಳಿಯಿತು. ಮುಂದೆ ಈ ಮಿಷನ್‌ಗೆ ಬಂದವರಲ್ಲಿ ಇಟಲಿಯವರೇ ಹೆಚ್ಚು.

ಕಾಲೇಜು ಆರಂಭವಾದದ್ದು 1880ರ ಜನವರಿ 12ರಂದು, ಕೊಡಿಯಾಲ್‌ಬೈಲಿನಲ್ಲಿ, ಸುಮಾರು 150 ವಿದ್ಯಾರ್ಥಿಗಳೊಡನೆ. ಮುಂದೆ ಬಾವುಟಗುಡ್ಡೆಯ ಮೇಲೆ ಲಾರೆನ್ಸ್ ಲೋಬೊ ಪ್ರಭು ದಾನವಾಗಿ ಕೊಟ್ಟ ಜಾಗದಲ್ಲಿ ಕಟ್ಟಡ ಎದ್ದಿತು. 1885ರ ಹೊತ್ತಿಗೆ ತರಗತಿಗಳು ಗುಡ್ಡ ಹತ್ತಿದವು. ಮನವಿ ಊರಿನವರದ್ದು, ನೆಲ ಊರಿನವರದ್ದು, ಪಾಠ ಹೊರಗಿನಿಂದ ಬಂದವರದ್ದು. ಊರಿಗೆ ಈ ಸಂಸ್ಥೆಯ ಮೇಲೆ ಇಂದಿಗೂ ಇರುವ ಹಕ್ಕಿನ ಭಾವನೆಗೆ ಈ ಹುಟ್ಟೇ ಕಾರಣ.

ಕಾಲೇಜಿನ ಹೆಸರು ಸಂತ ಅಲೋಶಿಯಸ್ ಗೊನ್ಝಾಗನದ್ದು. ಇಟಲಿಯ ಸಿರಿವಂತ ಮನೆತನದ ಈ ಯುವಕ ರೋಮಿನಲ್ಲಿ ಪ್ಲೇಗ್ ರೋಗಿಗಳ ಆರೈಕೆ ಮಾಡುತ್ತಲೇ 1591ರಲ್ಲಿ, 23ರ ವಯಸ್ಸಿನಲ್ಲಿ, ತೀರಿಕೊಂಡ. ಅವನ ಬಾಳಿನ ಚಿತ್ರಗಳನ್ನು ಕಾಲೇಜಿನ ಚಾಪೆಲ್ಲಿನ ಚಾವಣಿಯಲ್ಲಿ ಕಾಣಬಹುದು. ಬೆರ್ಗಾಮೊದ ಬಳಿಯ ಸ್ತೆಜ್ಜಾನೊದಲ್ಲಿ ಹುಟ್ಟಿ ಚಿತ್ರಕಲೆ ಕಲಿತು ಯೇಸುಸಭೆಗೆ ಸೇರಿದ ಬ್ರದರ್ ಅಂತೋನಿಯೊ ಮೊಸ್ಕೆನಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಲ್ಲಿಗೆ ಬಂದು, ಗೋಡೆಗಳ ಹಸಿ ಗಾರೆಯ ಮೇಲೂ ಚಾವಣಿಯ ಕ್ಯಾನ್ವಾಸಿನ ಮೇಲೂ ಸಂತರ ಕಥೆಗಳನ್ನು ಬರೆದರು. ಎಡೆಬಿಡದ ಮಳೆ, ಉಪ್ಪುಗಾಳಿಯ ಊರಿನಲ್ಲಿ ನೂರಿಪ್ಪತ್ತು ವರ್ಷ ದಾಟಿ ಉಳಿದಿರುವ ಈ ಚಿತ್ರಗಳನ್ನು ನೋಡಲು ಎಲ್ಲ ಧರ್ಮದವರೂ ಗುಡ್ಡ ಹತ್ತುತ್ತಾರೆ. ಮೊಸ್ಕೆನಿ 1905ರಲ್ಲಿ ಕೊಚ್ಚಿಯಲ್ಲಿ ನಿಧನರಾದರು.

ಮದ್ರಾಸ್ ವಿಶ್ವವಿದ್ಯಾಲಯದ ಸಂಯೋಜನೆ 1882ರಲ್ಲಿ ದೊರೆತು ಪದವಿಪೂರ್ವ ಮಟ್ಟದ ಎಫ್.ಎ. ತರಗತಿಗಳೂ, 1887ರಲ್ಲಿ ಬಿ.ಎ. ತರಗತಿಗಳೂ ಆರಂಭವಾದವು. ಆ ಹೊತ್ತಿಗೆ ದಕ್ಷಿಣ ಕನ್ನಡದ ಹುಡುಗರು ಪದವಿಗಾಗಿ ಮದ್ರಾಸಿನವರೆಗೆ ಹೋಗಬೇಕಾದ ಕಷ್ಟ ತಪ್ಪಿತು. ವಕೀಲಿಕೆ, ಕಂದಾಯ ಇಲಾಖೆ, ಬ್ಯಾಂಕು, ಪತ್ರಿಕೆ ಹೀಗೆ ಜಿಲ್ಲೆಯಲ್ಲಿ ಹೊಸದಾಗಿ ಹುಟ್ಟಿದ ಓದಿದ ಮಧ್ಯಮವರ್ಗಕ್ಕೆ ಈ ಗುಡ್ಡ ಒಂದು ಮೆಟ್ಟಿಲಾಯಿತು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿ, ಮುಂದೆ ಲೋಕಸಭೆಯ ಸಭಾಧ್ಯಕ್ಷರಾಗಿ ದುಡಿದ ಕೆ.ಎಸ್. ಹೆಗ್ಡೆ ಇಲ್ಲಿ ಓದಿದವರು. 2008ರ ಬೂಕರ್ ಪ್ರಶಸ್ತಿ ಪಡೆದ ಅರವಿಂದ ಅಡಿಗ ಈ ಸಂಸ್ಥೆಯಿಂದಲೇ ಎಸ್ಸೆಸ್ಸೆಲ್ಸಿ ಮುಗಿಸಿದರು.

ಪಾದ್ರಿಗಳೂ ಪಂಡಿತರೂ

ಅಲೋಶಿಯಸ್ಸಿನ ಹೆಸರಿಗೆ ಕಟ್ಟಡಕ್ಕಿಂತ ಹೆಚ್ಚು ಬಲ ಕೊಟ್ಟವರು ಗುರುಗಳು. ಇಟಲಿಯ ಆಂಜೆಲೊ ಮಫೆಯಿ ಊರಿನ ನುಡಿ ಕಲಿತು 1882ರಲ್ಲಿ ಕೊಂಕಣಿ ವ್ಯಾಕರಣವನ್ನೂ 1883ರಲ್ಲಿ ನಿಘಂಟನ್ನೂ ಹೊರತಂದರು. ವ್ಯಾಕರಣ ಅಚ್ಚಾದದ್ದು ಬಾಸೆಲ್ ಮಿಷನ್ನಿನ ಅಚ್ಚುಕೂಟದಲ್ಲಿ. ಮತದಲ್ಲಿ ಎದುರುಬದುರಾಗಿದ್ದ ಎರಡು ಮಿಷನ್ನುಗಳು ನುಡಿಯ ಕೆಲಸದಲ್ಲಿ ಒಂದೇ ಅಚ್ಚುಮೊಳೆ ಹಂಚಿಕೊಂಡವು. ಜರ್ಮನಿಯ ಅಗಸ್ಟಸ್ ಮುಲ್ಲರ್ ಕಾಲೇಜಿನಲ್ಲಿ ಪಾಠ ಹೇಳುತ್ತಲೇ 1880ರಲ್ಲಿ ಬಡವರಿಗೆ ಹೋಮಿಯೋಪಥಿ ಔಷಧಿ ಕೊಡಲು ಶುರುಮಾಡಿದರು. ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆ ಬೆಳೆದದ್ದು ಆ ಸಣ್ಣ ಔಷಧಾಲಯದಿಂದ. ಕಾಲೇಜಿನ ಸಂಗ್ರಹಾಲಯ 'ಅಲೋಶಿಯಂ' 1913ರಲ್ಲಿ ಆರಂಭವಾಯಿತು. ಮಂಗಳೂರಿನ ಮೊದಲ ಮೋಟಾರುಗಾಡಿ ಎಂದು ಹೆಸರಾದ ವಾಹನವೂ ಅಲ್ಲಿದೆ.

ಕನ್ನಡದ ಮಟ್ಟಿಗೆ ಇನ್ನೂ ಮುಖ್ಯವಾದ ಸಂಗತಿಯೊಂದಿದೆ. ಈ ಕ್ಯಾಥೋಲಿಕ್ ಸಂಸ್ಥೆ ಕನ್ನಡ ಕಲಿಸಲು ನೇಮಿಸಿಕೊಂಡದ್ದು ಜಿಲ್ಲೆಯ ಸಂಪ್ರದಾಯಸ್ಥ ವೈದಿಕ ಮನೆತನಗಳ ವಿದ್ವಾಂಸರನ್ನು. 'ನಾಡೋಜ ಪಂಪ' ಬರೆದ ಮುಳಿಯ ತಿಮ್ಮಪ್ಪಯ್ಯ ಇಲ್ಲಿ ಕನ್ನಡ ಪಂಡಿತರಾಗಿದ್ದರು. ಛಂದಸ್ಸು, ಭಾಷಾಶಾಸ್ತ್ರಗಳಲ್ಲಿ ಕನ್ನಡಕ್ಕೆ ಹೊಸ ಕಣ್ಣು ಕೊಟ್ಟ ಸೇಡಿಯಾಪು ಕೃಷ್ಣಭಟ್ಟರೂ ಇಲ್ಲೇ ಪಾಠ ಹೇಳಿದರು. ಚಾಪೆಲ್ಲಿನ ಗಂಟೆ ಕೇಳಿಸುವ ಆವರಣದಲ್ಲಿ ಜೈನ ಕವಿ ಪಂಪನ ಕಾವ್ಯವನ್ನು ಬ್ರಾಹ್ಮಣ ಪಂಡಿತರು ಕ್ರೈಸ್ತ, ಹಿಂದೂ, ಮುಸ್ಲಿಂ ಹುಡುಗರಿಗೆ ಬಿಡಿಸಿ ಹೇಳುತ್ತಿದ್ದ ಆ ತರಗತಿಗಳು ಈ ಸಂಸ್ಥೆಯ ಚರಿತ್ರೆಯಲ್ಲೇ ಅತ್ಯಂತ ಬೆಲೆಯುಳ್ಳ ಪುಟ. ಪಂಡಿತರ ನಂಬಿಕೆ ಯಾವುದೆಂದು ಕೇಳದೆ ಅವರ ವಿದ್ವತ್ತನ್ನು ಕೇಳಿದ ಕಾಲೇಜು ಊರಿನ ವಿಶ್ವಾಸ ಗಳಿಸಿತು.

ಅದೇ ಕಾಲದಲ್ಲಿ ನಿಜಾಮನ ಆಳ್ವಿಕೆಯಲ್ಲಿದ್ದ ಬೀದರಿನಲ್ಲಿ ಕನ್ನಡ ಕಲಿಸುವುದೇ ಕಷ್ಟದ ಕೆಲಸವಾಗಿತ್ತು. ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಕಥೆ ಔರಾದ್, ಕಮಲನಗರ, ಭಾಲ್ಕಿಯ ಮನೆಮನೆಯಲ್ಲೂ ಗೊತ್ತು. ಒಂದು ಕಡೆ ವಿದೇಶಿ ಪಾದ್ರಿಗಳ ಕಾಲೇಜು, ಇನ್ನೊಂದು ಕಡೆ ವೀರಶೈವ ಮಠ. ಧರ್ಮದ ಹೆಸರಿನಲ್ಲಿ ನಡೆಯುವ ಸಂಸ್ಥೆ ಊರಿನ ನುಡಿಯನ್ನು ಎತ್ತಿ ಹಿಡಿದಾಗ ಅದರ ಹೆಸರು ಭಕ್ತರ ವಲಯ ದಾಟಿ ಇಡೀ ನಾಡಿನದ್ದಾಗುತ್ತದೆ ಎಂಬುದಕ್ಕೆ ಎರಡೂ ಸಾಕ್ಷಿ.

ಹೆಣ್ಣುಮಕ್ಕಳ ವಿಷಯದಲ್ಲಿ ಗುಡ್ಡದ ಕಾಲೇಜು ಬಹುಕಾಲ ಹಿಂದೆ ಉಳಿಯಿತು. ಆ ಕೆಲಸವನ್ನು ಕೈಗೆತ್ತಿಕೊಂಡವರು ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಸನ್ಯಾಸಿನಿಯರು. 1921ರಲ್ಲಿ ಅವರು ಮಂಗಳೂರಿನ ಬೆಂದೂರಿನಲ್ಲಿ ಸಂತ ಆಗ್ನೆಸ್ ಮಹಿಳಾ ಕಾಲೇಜು ತೆರೆದರು. ಮನೆಯಿಂದ ದೂರ ಕಳಿಸಲು ಹಿಂಜರಿಯುತ್ತಿದ್ದ ತಂದೆತಾಯಿಗಳು ಸನ್ಯಾಸಿನಿಯರ ಹಾಸ್ಟೆಲ್ ಎಂಬ ಧೈರ್ಯದಿಂದ ಹೆಣ್ಣುಮಕ್ಕಳನ್ನು ಪದವಿಗೆ ಕಳಿಸಿದರು. ಅಲೋಶಿಯಸ್ ಸಹಶಿಕ್ಷಣದ ಸಂಸ್ಥೆಯಾದದ್ದು ಬಹಳ ದಶಕಗಳ ನಂತರ.

ಬೆಂಗಳೂರಿನ ಎರಡು ದಾರಿಗಳು

ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜನ್ನು 1882ರಲ್ಲಿ ಆರಂಭಿಸಿದವರು ಪ್ಯಾರಿಸ್ಸಿನ ವಿದೇಶಿ ಮಿಷನ್ ಸಭೆಯ ಫ್ರೆಂಚ್ ಪಾದ್ರಿಗಳು. 1937ರಲ್ಲಿ ಅದು ಯೇಸುಸಭೆಯ ಕೈಗೆ ಬಂತು. ದಂಡುಪ್ರದೇಶದಲ್ಲಿ ಬೆಳೆದ ಈ ಸಂಸ್ಥೆಗಳಲ್ಲಿ ವಸಾಹತು ಕಾಲದ ಭೇದವೂ ಇತ್ತು. ಯುರೋಪಿಯನ್ ಮತ್ತು ಆಂಗ್ಲೋ-ಇಂಡಿಯನ್ ಮಕ್ಕಳಿಗೆ ಒಂದು ಶಾಲೆ, ಭಾರತೀಯ ಮಕ್ಕಳಿಗೆ ಇನ್ನೊಂದು. ಸೇಂಟ್ ಜೋಸೆಫ್ಸ್ ಇಂಡಿಯನ್ ಎಂಬ ಶಾಲೆಯ ಹೆಸರಿನಲ್ಲಿ ಆ ವಿಭಜನೆಯ ಗುರುತು ಇಂದಿಗೂ ಉಳಿದಿದೆ. ಪ್ರತಿಷ್ಠೆಯ ಚರಿತ್ರೆ ಬರೆಯುವವರು ಈ ಪುಟವನ್ನು ಹಾರಿಸಿ ಹೋಗಬಾರದು.

ಸ್ವಾತಂತ್ರ್ಯಾನಂತರ ಈ ಕಾಲೇಜಿನ ಹೆಸರು ವಿಜ್ಞಾನದ ಪಾಠ ಮತ್ತು ಸಂಶೋಧನೆಯಿಂದ ಬೆಳೆಯಿತು. ಇಲ್ಲಿ ಸಸ್ಯಶಾಸ್ತ್ರ ಕಲಿಸಿದ ಫಾದರ್ ಸೆಸಿಲ್ ಸಲ್ಡಾನ ಸಹೋದ್ಯೋಗಿಗಳೊಡನೆ ಹಾಸನ ಜಿಲ್ಲೆಯ ಗಿಡಮರಗಳ ಸಮೀಕ್ಷೆ ನಡೆಸಿ, ಅಮೆರಿಕದ ಡ್ಯಾನ್ ನಿಕೊಲ್ಸನ್ ಜೊತೆ 1976ರಲ್ಲಿ ಅದರ ಗ್ರಂಥ ಪ್ರಕಟಿಸಿದರು. ಅದರ ಮುಂದುವರಿಕೆಯಾಗಿ 1984ರಲ್ಲಿ ಕರ್ನಾಟಕದ ಸಸ್ಯಸಂಪತ್ತಿನ ಮೊದಲ ಸಂಪುಟ ಹೊರಬಂತು. ಪಶ್ಚಿಮಘಟ್ಟದ ಸಸ್ಯಗಳನ್ನು ಗುರುತಿಸಬೇಕಾದವರು ಈಗಲೂ ಆ ಸಂಪುಟಗಳನ್ನು ತೆರೆಯುತ್ತಾರೆ. ಮಂಗಳೂರಿನ ಅಲೋಶಿಯಸ್‌ನಲ್ಲಿ ಫಾದರ್ ಲಿಯೋ ಡಿಸೋಜ ಗೇರು ಗಿಡದ ಅಂಗಾಂಶ ಕೃಷಿಯ ಮೇಲೆ ದುಡಿದದ್ದೂ ಇದೇ ಬಗೆಯದು. ಕರಾವಳಿಯ ರೈತನ ಬೆಳೆಯನ್ನು ಪ್ರಯೋಗಾಲಯದ ಮೇಜಿಗೆ ತಂದ ಕೆಲಸ ಅದು.

ಸೇಂಟ್ ಜೋಸೆಫ್ಸ್ ವಿಶ್ವವಿದ್ಯಾಲಯವನ್ನು 2022ರ ಸೆಪ್ಟೆಂಬರ್ 27ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಉದ್ಘಾಟಿಸಿದರು. ಇದು ಡೀಮ್ಡ್ ಮಾದರಿಯದಲ್ಲ. ರಾಜ್ಯ ಶಾಸನಸಭೆ 2021ರಲ್ಲಿ ಒಪ್ಪಿದ ಕಾಯ್ದೆಯ ಮೂಲಕ, ಉನ್ನತ ಶಿಕ್ಷಣದ ರಾಷ್ಟ್ರೀಯ ಅಭಿಯಾನ ರೂಸಾದ ನೆರವಿನಿಂದ, ಸರ್ಕಾರ ಮತ್ತು ಖಾಸಗಿ ಸಂಸ್ಥೆಯ ಸಹಭಾಗಿತ್ವದಲ್ಲಿ ರೂಪುಗೊಂಡದ್ದು. ಸಾರ್ವಜನಿಕ ಹಣ ಸೇರಿದ ಮೇಲೆ ಸಾರ್ವಜನಿಕ ಹೊಣೆಯೂ ಅದರ ಜೊತೆಗೇ ಬರುತ್ತದೆ.

ಕ್ರೈಸ್ಟ್‌ನ ಮೂಲ ಬೇರೆ. ಕೇರಳದ ಸಿರಿಯನ್ ಕ್ಯಾಥೋಲಿಕ್ ಪರಂಪರೆಯಲ್ಲಿ 1831ರಲ್ಲಿ ಹುಟ್ಟಿದ, ಸಂತ ಕುರಿಯಾಕೋಸ್ ಏಲಿಯಾಸ್ ಚಾವರ ಸ್ಥಾಪಕರಲ್ಲೊಬ್ಬರಾದ ಸಿ.ಎಂ.ಐ. ಸಭೆಯವರು ಬೆಂಗಳೂರಿನ ಹೊಸೂರು ರಸ್ತೆಯ ಬಳಿ 1969ರ ಜುಲೈ 15ರಂದು ಕ್ರೈಸ್ಟ್ ಕಾಲೇಜು ತೆರೆದರು. 2004ರಲ್ಲಿ ಸ್ವಾಯತ್ತತೆ, 2008ರಲ್ಲಿ ಡೀಮ್ಡ್ ಮಾನ್ಯತೆ ದೊರೆತ ಮೇಲೆ ಅದು ಬೇಗ ಬೆಳೆಯಿತು. ವಾಣಿಜ್ಯ, ಆಡಳಿತ, ಕಾನೂನು, ಎಂಜಿನಿಯರಿಂಗ್ ವಿಭಾಗಗಳು ಸೇರಿದವು. ಬೆಂಗಳೂರಿನಲ್ಲೇ ಹಲವು ಕ್ಯಾಂಪಸ್ಸುಗಳಾದವು, ದೆಹಲಿ ವಲಯ ಮತ್ತು ಪುಣೆಯ ಬಳಿಯೂ ಶಾಖೆಗಳು ತೆರೆದವು. ದೇಶದ ಎಲ್ಲ ರಾಜ್ಯಗಳ ವಿದ್ಯಾರ್ಥಿಗಳು ಬರುವ ಆವರಣವಾಗಿ ಅದು ಮಾರ್ಪಟ್ಟಿತು.

ಕನ್ನಡ ಓದುಗರಿಗೆ ಮಾತ್ರ ಕ್ರೈಸ್ಟ್ ಎಂದರೆ ಮೊದಲು ನೆನಪಾಗುವುದು ಅದರ ಕನ್ನಡ ಸಂಘ. ಕನ್ನಡ ಪ್ರಾಧ್ಯಾಪಕ, ನಾಟಕಕಾರ ಚಿ. ಶ್ರೀನಿವಾಸರಾಜು (1942–2007) 1970ರ ದಶಕದಲ್ಲಿ ಇದನ್ನು ಕಟ್ಟಿ ಬೆಳೆಸಿದರು. ಹೊಸ ಕವಿಗಳ ಪುಟ್ಟ ಸಂಕಲನಗಳು, ವಿಮರ್ಶೆ, ಅನುವಾದ, ಹಿರಿಯರಿಗೆ ಗೌರವಗ್ರಂಥಗಳು ಸೇರಿ ನೂರಕ್ಕೂ ಹೆಚ್ಚು ಪುಸ್ತಕಗಳು ಕಡಿಮೆ ಬೆಲೆಯಲ್ಲಿ ಈ ಸಂಘದಿಂದ ಹೊರಬಂದವು. ಬೇಂದ್ರೆಯವರ ನೆನಪಿನಲ್ಲಿ ಸಂಘ ನಡೆಸಿದ ಅಂತರಕಾಲೇಜು ಕವನ ಸ್ಪರ್ಧೆಯಲ್ಲಿ ಬಹುಮಾನ ಪಡೆಯುವುದು ನಾಡಿನ ಯುವಕವಿಗಳಿಗೆ ಒಂದು ಮುದ್ರೆಯಾಗಿತ್ತು. ಮೂಲೆಯ ಊರಿನ ವಿದ್ಯಾರ್ಥಿ ಅಂಚೆಯಲ್ಲಿ ಕವಿತೆ ಕಳಿಸಿದರೆ ಸಾಕಿತ್ತು, ಆ ಆವರಣದ ಬಾಗಿಲು ಅವನಿಗೂ ತೆರೆಯುತ್ತಿತ್ತು. ಇಂಗ್ಲಿಷ್ ಮಾತೇ ಹೆಚ್ಚು ಕೇಳಿಸುವ ಕ್ಯಾಂಪಸ್ಸಿನಿಂದ ಕನ್ನಡ ಸಾಹಿತ್ಯದ ಇಷ್ಟು ದೊಡ್ಡ ಕೆಲಸ ನಡೆಯಿತು. ಒಬ್ಬ ಅಧ್ಯಾಪಕನ ನಿಷ್ಠೆಗೆ ಆಡಳಿತದ ಬೆಂಬಲ ಸೇರಿದಾಗ ಮಾತ್ರ ಅದು ಸಾಧ್ಯ.

ಆವರಣದ ಬದುಕು

ಈ ಮೂರೂ ಸಂಸ್ಥೆಗಳ ಒಳಗಿನ ಬದುಕಿನಲ್ಲಿ ಸಮಾನ ಲಕ್ಷಣಗಳಿವೆ. ಹಾಜರಾತಿಯ ಕಟ್ಟುನಿಟ್ಟು, ಸಮಯಪಾಲನೆ, ಆಂತರಿಕ ಪರೀಕ್ಷೆಗಳ ಸರಣಿ, ಉಡುಪಿನ ನಿಯಮ, ಆವರಣದ ಸ್ವಚ್ಛತೆ, ವಿದ್ಯಾರ್ಥಿಯ ಬಗ್ಗೆ ಮನೆಯವರೊಡನೆ ಮಾತು. ಪಕ್ಷರಾಜಕಾರಣದ ವಿದ್ಯಾರ್ಥಿ ಚಟುವಟಿಕೆಗೆ ಇಲ್ಲಿ ಎಡೆ ಕಡಿಮೆ. ಹಬ್ಬ, ನಾಟಕ, ಸಂಗೀತ, ಚರ್ಚಾಸ್ಪರ್ಧೆಗಳಿಗೆ ಎಡೆ ಧಾರಾಳ. ದೂರದ ಜಿಲ್ಲೆಯ ತಂದೆತಾಯಿಗೆ ಇದೆಲ್ಲ ಭರವಸೆಯ ಮಾತು. ಮಗ ಅಥವಾ ಮಗಳು ಯಾರದೋ ಕಣ್ಣಿನಲ್ಲಿದ್ದಾರೆ ಎಂಬ ನೆಮ್ಮದಿ ಇಂಥ ಸಂಸ್ಥೆಗಳ ಹೆಸರಿನ ದೊಡ್ಡ ಪಾಲು. ಆದರೆ ಅದೇ ಶಿಸ್ತು ಹದಿಹರೆಯ ದಾಟಿದ ಯುವಕರನ್ನು ಶಾಲೆಯ ಮಕ್ಕಳಂತೆ ಕಾಣುತ್ತದೆ, ಪ್ರಶ್ನಿಸುವ ಅಭ್ಯಾಸವನ್ನು ಮೊಟಕುಗೊಳಿಸುತ್ತದೆ ಎಂಬ ಆಕ್ಷೇಪದಲ್ಲೂ ಹುರುಳಿದೆ. ವಿಶ್ವವಿದ್ಯಾಲಯ ಎನಿಸಿಕೊಂಡ ಮೇಲೆ ಹಾಜರಿ ಪುಸ್ತಕದ ಜೊತೆಗೆ ಭಿನ್ನಮತಕ್ಕೂ ಜಾಗ ಇರಬೇಕು.

ಧರ್ಮದ ಪ್ರಶ್ನೆಯಲ್ಲಿ ನಡೆದುಬಂದ ಕ್ರಮ ಸ್ಪಷ್ಟವಾಗಿದೆ. ಕ್ಯಾಥೋಲಿಕ್ ವಿದ್ಯಾರ್ಥಿಗಳಿಗೆ ಧರ್ಮೋಪದೇಶ, ಉಳಿದವರಿಗೆ ನೀತಿಪಾಠ ಅಥವಾ ಮೌಲ್ಯಶಿಕ್ಷಣ. ಚಾಪೆಲ್ಲಿನ ಬಾಗಿಲು ತೆರೆದಿರುತ್ತದೆ, ಒಳಗೆ ಹೋಗುವುದು ಅವರವರ ಇಚ್ಛೆ. ಭಾರತದ ಕ್ಯಾಥೋಲಿಕ್ ಕಾಲೇಜುಗಳಲ್ಲಿ ಹಲವೆಡೆ ಓದುವವರಲ್ಲಿ ಬಹುಪಾಲು ಕ್ರೈಸ್ತೇತರರೇ. 1990ರಲ್ಲಿ ಎರಡನೆಯ ಜಾನ್ ಪಾಲ್ ಪೋಪರು ಕ್ಯಾಥೋಲಿಕ್ ವಿಶ್ವವಿದ್ಯಾಲಯಗಳ ಬಗ್ಗೆ ಹೊರಡಿಸಿದ ಆದೇಶಪತ್ರವೂ ನಂಬಿಕೆಯ ಗುರುತನ್ನು ಉಳಿಸಿಕೊಳ್ಳುವುದರ ಜೊತೆಗೆ ಶೈಕ್ಷಣಿಕ ಸ್ವಾತಂತ್ರ್ಯವನ್ನೂ ಪ್ರತಿಯೊಬ್ಬರ ಆತ್ಮಸಾಕ್ಷಿಯನ್ನೂ ಗೌರವಿಸಬೇಕೆಂದು ಹೇಳಿತು.

ಸೇವೆಯ ಪಾಠ ಈ ಆವರಣಗಳ ಇನ್ನೊಂದು ಗುರುತು. 1973ರಲ್ಲಿ ಯೇಸುಸಭೆಯ ಮುಖ್ಯಸ್ಥ ಪೆದ್ರೊ ಅರ್ರುಪೆ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾತಾಡುತ್ತ, ಇತರರಿಗಾಗಿ ಬಾಳುವವರನ್ನು ತಯಾರಿಸುವುದೇ ತಮ್ಮ ವಿದ್ಯಾಸಂಸ್ಥೆಗಳ ಗುರಿಯಾಗಬೇಕು ಎಂದರು. ಮುಂದಿನ ಎರಡು ವರ್ಷಗಳಲ್ಲಿ ಸಭೆಯ ಮಹಾಸಮ್ಮೇಳನ ನಂಬಿಕೆಯ ಸೇವೆಗೂ ಸಾಮಾಜಿಕ ನ್ಯಾಯಕ್ಕೂ ಗಂಟು ಹಾಕಿತು. ವಿದ್ಯಾರ್ಥಿಗಳು ಕೊಳೆಗೇರಿ, ಹಳ್ಳಿ, ಆಶ್ರಮಗಳಲ್ಲಿ ಇಷ್ಟು ಗಂಟೆ ದುಡಿಯಬೇಕೆಂಬ ನಿಯಮಗಳು ಈ ಚಿಂತನೆಯ ಫಲ. ಅಲೋಶಿಯಸ್‌ನ ಸಮುದಾಯ ಬಾನುಲಿ 'ರೇಡಿಯೊ ಸಾರಂಗ್' ಕನ್ನಡ, ತುಳು, ಕೊಂಕಣಿ, ಬ್ಯಾರಿ ನುಡಿಗಳಲ್ಲಿ ಊರಿನ ಮೀನುಗಾರರ, ರೈತರ ಮಾತನ್ನು ಬಿತ್ತರಿಸುವುದೂ ಅದೇ ದಾರಿಯಲ್ಲಿದೆ.

ಬಾಗಿಲಿನ ಪ್ರಶ್ನೆ

ಸಂವಿಧಾನದ 30ನೇ ವಿಧಿ ಧಾರ್ಮಿಕ ಮತ್ತು ಭಾಷಿಕ ಅಲ್ಪಸಂಖ್ಯಾತರಿಗೆ ತಮ್ಮ ಇಷ್ಟದ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕು ಕೊಟ್ಟಿದೆ. ಅಹಮದಾಬಾದಿನ ಸೇಂಟ್ ಕ್ಸೇವಿಯರ್ಸ್ ಕಾಲೇಜಿನ ಪ್ರಕರಣದಲ್ಲಿ 1974ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಈ ಹಕ್ಕನ್ನು ಎತ್ತಿಹಿಡಿಯಿತು. ಕರ್ನಾಟಕದ್ದೇ ಆದ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ 2002ರಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಅದರ ವ್ಯಾಪ್ತಿ ಮತ್ತು ಮಿತಿಗಳನ್ನು ವಿವರಿಸಿತು. ಖಾಸಗಿ ಸಂಸ್ಥೆಗಳಲ್ಲಿ ಮೀಸಲಾತಿಗೆ ಅವಕಾಶ ಕೊಡುವ 15(5)ನೇ ವಿಧಿಯಿಂದ ಅಲ್ಪಸಂಖ್ಯಾತ ಸಂಸ್ಥೆಗಳಿಗೆ ವಿನಾಯಿತಿ ಇದೆ. ಬೀದರಿನವರಿಗೆ ಈ ವ್ಯವಸ್ಥೆ ಹತ್ತಿರದಿಂದ ಗೊತ್ತು. ನಾನಕ್ ಝೀರಾದ ಸಿಖ್ ಸಮುದಾಯದ ಆಶ್ರಯದಲ್ಲಿ ಬೆಳೆದ ಗುರುನಾನಕ್ ದೇವ್ ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಲ್ಲ ಸಮುದಾಯದ ಮಕ್ಕಳೂ ಓದುತ್ತಾರೆ.

ಕಾನೂನು ವಿನಾಯಿತಿ ಕೊಟ್ಟಾಗ ಸಂಸ್ಥೆಯ ಆತ್ಮಸಾಕ್ಷಿಯ ಮೇಲಿನ ಭಾರ ಹೆಚ್ಚುತ್ತದೆ. ಬೀದರ್ ಸೇರಿದ ಕಲ್ಯಾಣ ಕರ್ನಾಟಕದ ಹಿಂದುಳಿದಿರುವಿಕೆಯನ್ನು ಒಪ್ಪಿಕೊಂಡು 2012ರ 98ನೇ ತಿದ್ದುಪಡಿ, ಈ ಭಾಗಕ್ಕೆ ವಿಶೇಷ ಅವಕಾಶ ಕೊಡುವ 371(ಜೆ) ವಿಧಿಯನ್ನು ಸಂವಿಧಾನಕ್ಕೆ ಸೇರಿಸಿತು. ಈ ಭಾಗದ ಹಳ್ಳಿಯಲ್ಲಿ ಕನ್ನಡ, ಮರಾಠಿ ಅಥವಾ ಉರ್ದು ಮಾಧ್ಯಮದಲ್ಲಿ ಓದಿದ ಮಗುವಿಗೆ ಮಹಾನಗರದ ಹೆಸರಾಂತ ಕ್ಯಾಂಪಸ್ಸಿನ ಎದುರು ಎರಡು ಗೋಡೆಗಳಿವೆ: ಶುಲ್ಕ ಮತ್ತು ಇಂಗ್ಲಿಷ್. ಅನುದಾನಿತ ಕಾಲೇಜಾಗಿದ್ದಾಗ ಕಡಿಮೆಯಿದ್ದ ಶುಲ್ಕ, ಅನುದಾನವಿಲ್ಲದ ಹೊಸ ಕೋರ್ಸುಗಳು ಬಂದ ಹಾಗೆ ಏರುತ್ತದೆ. ಪ್ರವೇಶ ಪರೀಕ್ಷೆ, ಸಂದರ್ಶನಗಳು ಇಂಗ್ಲಿಷಿನಲ್ಲಿ ನಡೆದರೆ ಜಾಣ ಮಗುವೂ ಮೌನವಾಗುತ್ತದೆ. ಭಾಷೆಯ ಈ ಕೊರಗು ಕ್ಯಾಂಪಸ್ಸಿಗಷ್ಟೇ ಸೀಮಿತವಲ್ಲ. ಬೆಂಗಳೂರಿನ ಚರ್ಚುಗಳಲ್ಲಿ ಕನ್ನಡದಲ್ಲಿ ಪೂಜೆ ನಡೆಯಬೇಕೆಂದು ಕನ್ನಡ ಕ್ರೈಸ್ತರೇ ದಶಕಗಳ ಕಾಲ ಹೋರಾಡಿದ್ದಾರೆ.

ತೂಕ

ಇಂದು ಹೆಸರನ್ನು ಅಂಕಿಗಳಲ್ಲಿ ಅಳೆಯುವ ಪದ್ಧತಿ ಬಂದಿದೆ. 1994ರಲ್ಲಿ ಹುಟ್ಟಿ ಬೆಂಗಳೂರಿನಲ್ಲೇ ನೆಲೆಸಿರುವ ನ್ಯಾಕ್ ಸಂಸ್ಥೆ ಕಾಲೇಜು, ವಿಶ್ವವಿದ್ಯಾಲಯಗಳ ಗುಣಮಟ್ಟ ತೂಗಿ ಮಾನ್ಯತೆ ಕೊಡುತ್ತದೆ. 2016ರಿಂದ ಕೇಂದ್ರ ಸರ್ಕಾರದ ಎನ್.ಐ.ಆರ್.ಎಫ್. ಪಟ್ಟಿ ಹೊರಡುತ್ತಿದೆ. ಆ ಪಟ್ಟಿಯಲ್ಲಿ ವಿಶ್ವವಿದ್ಯಾಲಯಗಳಿಗೆ ಬೋಧನೆ ಮತ್ತು ಸಂಪನ್ಮೂಲಕ್ಕೆ 30, ಸಂಶೋಧನೆಗೆ 30, ಪದವಿಯ ಫಲಿತಾಂಶಕ್ಕೆ 20, ಎಲ್ಲರನ್ನೂ ಒಳಗೊಳ್ಳುವಿಕೆಗೆ 10, ಜನರ ಅಭಿಪ್ರಾಯಕ್ಕೆ 10 ಅಂಕ. ಮನೆಯವರು ಕಾಲೇಜು ಹುಡುಕುವಾಗ ಮಾತ್ರ ಕೊನೆಯ 10 ಅಂಕವೇ ಎಷ್ಟೋ ಸಲ ನೂರಾಗಿಬಿಡುತ್ತದೆ.

ಮಹಮೂದ್ ಗವಾನನ ಮದ್ರಸಾ ಕಲಿಸುವ ಮೂರು ಅಳತೆಗಳಿಂದಲೂ ಆಧುನಿಕ ಕಾಲ ಸೇರಿಸಿದ ನಾಲ್ಕನೆಯದರಿಂದಲೂ ನೋಡಿದರೆ ಕರ್ನಾಟಕದ ಕ್ಯಾಥೋಲಿಕ್ ವಿಶ್ವವಿದ್ಯಾಲಯಗಳ ಲೆಕ್ಕ ಹೀಗಿದೆ. ಗುರುಗಳ ವಿಷಯದಲ್ಲಿ ಅವುಗಳ ಹೆಸರು ನ್ಯಾಯವಾಗಿ ಗಳಿಸಿದ್ದು: ಮಫೆಯಿ, ಮುಳಿಯ, ಸೇಡಿಯಾಪು, ಸಲ್ಡಾನ, ಶ್ರೀನಿವಾಸರಾಜು ಇವರ ಕೆಲಸ ಯಾವ ವಿಶ್ವವಿದ್ಯಾಲಯಕ್ಕೂ ಹೆಮ್ಮೆ ತರುವಂಥದ್ದು. ಆವರಣದ ಶಿಸ್ತು ಅವುಗಳ ಬಲ, ಅತಿಯಾದಾಗ ದೌರ್ಬಲ್ಯ. ಪಾಠದ ಹರಹಿನಲ್ಲಿ ಅವು ತಮ್ಮ ಧರ್ಮದ ಬೇಲಿಯನ್ನು ಬಹಳ ಹಿಂದೆಯೇ ದಾಟಿದವು. ಬಾಗಿಲಿನ ಅಳತೆಯಲ್ಲಿ ಮಾತ್ರ ಕೆಲಸ ಇನ್ನೂ ಬಾಕಿ ಇದೆ. ಸೆರೆಯಿಂದ ಮರಳಿ ಬಂದ ಸಣ್ಣ ಸಮುದಾಯವೊಂದು ತನ್ನ ಮಕ್ಕಳ ವಿದ್ಯೆಗಾಗಿ ರೋಮಿಗೆ ಮನವಿ ಬರೆದುದರಿಂದ ಈ ಚರಿತ್ರೆ ಆರಂಭವಾಯಿತು. ಬಗದಲ್, ಔರಾದ್, ಭಾಲ್ಕಿಯ ಬಡ ಮನೆಯ ಮಗುವಿನ ಅರ್ಜಿಯನ್ನೂ ಅದೇ ಕಳಕಳಿಯಿಂದ ಓದುವ ದಿನ ಬಂದಾಗ ಈ ವಿಶ್ವವಿದ್ಯಾಲಯಗಳ ಹೆಸರು ಪೂರ್ತಿಯಾಗಿ ಅವುಗಳದ್ದಾಗುತ್ತದೆ.